ಹೆಲ್ಮೆಟ್ ತೆಗೆಯದ ಇಪ್ಪತ್ತು ನಿಮಿಷ

ಕೆಲಸ ಮುಗಿಸಿ ಬಂದು ಮನೆಯ ಕೆಳಗೆ ಸ್ಕೂಟರ್ ನಿಲ್ಲಿಸಿದ ಮೇಲೂ ಅದರ ಮೇಲೆಯೇ ಕುಳಿತಿರುವುದು ನನಗೆ ಅಭ್ಯಾಸವಾಗಿತ್ತು. ಆರಿಸಿದ ಎಂಜಿನ್ ತಣಿಯುತ್ತ ಟಿಕ್ ಟಿಕ್ ಎನ್ನುತ್ತದೆ. ಆ ಸದ್ದು ನಿಲ್ಲುವವರೆಗೆ ಮಾತ್ರ ಎಂದು ಮೊದಮೊದಲು ನನಗೆ ನಾನೇ ಗಡುವು ಹಾಕಿಕೊಂಡಿದ್ದೆ. ಬರಬರುತ್ತ ಅದು ಹತ್ತು ನಿಮಿಷವಾಯಿತು, ಆಮೇಲೆ ಇಪ್ಪತ್ತಾಯಿತು. ಹೆಲ್ಮೆಟ್ ಮಾತ್ರ ತೆಗೆಯುತ್ತಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡವರನ್ನು ಯಾರೂ ನಿಲ್ಲಿಸಿ ಮಾತನಾಡಿಸುವುದಿಲ್ಲ ಎಂಬುದು ನಾನಾಗಿ ಕಂಡುಕೊಂಡ ಉಪಾಯ. ಹೊರಟಿದ್ದಾಳೋ ಬಂದಿದ್ದಾಳೋ ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ, ಸುಮ್ಮನೆ ದಾಟಿ ಹೋಗುತ್ತಾರೆ.

ಆ ಇಪ್ಪತ್ತು ನಿಮಿಷದಲ್ಲಿ ನಾನು ಏನನ್ನೂ ಮಾಡುತ್ತಿರಲಿಲ್ಲ. ಎದುರಿನ ಗೋಡೆಯಲ್ಲಿ ತೇವ ಹತ್ತಿದ ಒಂದು ಕಲೆ ಇತ್ತು, ಅದನ್ನು ನೋಡುತ್ತಿದ್ದೆ. ಬೆಳಗಿನಿಂದ ಕಿವಿಗೆ ಬಿದ್ದ ಮಾತುಗಳೆಲ್ಲ, ಕಲಕಿದ ನೀರಿನಲ್ಲಿ ಮಣ್ಣು ಕೂರುವ ಹಾಗೆ, ನಿಧಾನವಾಗಿ ತಳಕ್ಕಿಳಿಯುತ್ತಿದ್ದವು. ಅಷ್ಟಾದ ಮೇಲೆ ಮೆಟ್ಟಿಲು ಹತ್ತಿ ಹೋಗಿ, "ದಾರಿಯಲ್ಲಿ ತುಂಬಾ ವಾಹನ" ಎಂದು ಸುಳ್ಳು ಹೇಳುತ್ತಿದ್ದೆ.

ಹೀಗೆ ಎಷ್ಟೋ ತಿಂಗಳು ನಡೆಯಿತು. ಒಂದು ಸಂಜೆ ನನ್ನ ಗಂಡ ಬಹಳ ಸಹಜವಾಗಿ, "ಕೂರುವುದೇನೋ ಸರಿ, ಹೆಲ್ಮೆಟ್ ಆದರೂ ತೆಗೆಯಬಾರದೇ? ಸೆಕೆಯಾಗುವುದಿಲ್ಲವೇ ನಿನಗೆ?" ಎಂದು ಕೇಳಿದರು. ಕಿಟಕಿಯಿಂದ ಅವರಿಗೆ ಎಲ್ಲವೂ ಕಾಣುತ್ತಿತ್ತಂತೆ, ಮೊದಲ ದಿನದಿಂದಲೂ.

ನಾಚಿಕೆಯಾಗಬೇಕಿತ್ತು, ಆದದ್ದು ಸಿಟ್ಟು. ನನ್ನದೇ ಮನೆಗೆ ಹೋಗುವ ಮುನ್ನ ನಾನು ಕಳ್ಳಿಯ ಹಾಗೆ ಕುಳಿತಿರುತ್ತೇನೆ ಎಂಬುದು ಅವರ ಬಾಯಿಂದ ಬಂದಾಗಲೇ ನನಗೆ ಸರಿಯಾಗಿ ಕೇಳಿಸಿತು. ಅಷ್ಟು ಹೊತ್ತು ಕುಳಿತರೂ ಎಂದೂ ಸಾಕೆನಿಸುತ್ತಿರಲಿಲ್ಲ ಏಕೆ ಎಂಬುದೂ ಆಗ ಹೊಳೆಯಿತು. ಅರ್ಧ ಮನಸ್ಸು ಗಡಿಯಾರದ ಮೇಲೆ, ಇನ್ನರ್ಧ ಮೇಲೆ ಹೋಗಿ ಹೇಳಬೇಕಾದ ಸುಳ್ಳಿನ ಮೇಲೆ. ದಣಿವು ಆರುವುದಾದರೂ ಹೇಗೆ?

ಹಾಗೆ ನೋಡಿದರೆ ಕದಿಯುವುದನ್ನು ನಾನು ಕಲಿತದ್ದು ಚಿಕ್ಕವಳಿದ್ದಾಗಲೇ. "ಮಾತು ಬೆಳ್ಳಿ, ಮೌನ ಬಂಗಾರ" ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದ ಶಾಲೆ ನನ್ನದು. ಅದೇ ಶಾಲೆಯವರು ಪ್ರತಿ ವರ್ಷವೂ ನನ್ನ ಪ್ರಗತಿ ಪತ್ರದಲ್ಲಿ "ಎಲ್ಲರೊಂದಿಗೆ ಬೆರೆಯುವುದಿಲ್ಲ, ಇನ್ನಷ್ಟು ಮಾತನಾಡಬೇಕು" ಎಂದು ಬರೆದು ಕಳುಹಿಸುತ್ತಿದ್ದರು. ಬಂದವರೆಲ್ಲ "ಇವಳೇಕೆ ಮೌನಗೌರಿ?" ಎನ್ನುವರು. ಸ್ವಲ್ಪ ದೊಡ್ಡವಳಾದ ಮೇಲೆ ಅದೇ ಮೌನಕ್ಕೆ ಜಂಭ ಎಂಬ ಹೆಸರು ಬಂತು. ಪುಸ್ತಕ ಹಿಡಿದು ಕುಳಿತರೆ ಓದುತ್ತಿದ್ದಾಳೆ ಎಂದು ಬಿಟ್ಟುಬಿಡುತ್ತಿದ್ದರು. ಹಾಗಾಗಿ ಎಷ್ಟೋ ಪುಸ್ತಕಗಳನ್ನು ನಾನು ಓದದೆಯೇ ಗಂಟೆಗಟ್ಟಲೆ ತೆರೆದಿಟ್ಟುಕೊಂಡು ಕುಳಿತಿದ್ದೇನೆ.

ನಾಚಿಕೆ ಸ್ವಭಾವಕ್ಕೂ ಅಂತರ್ಮುಖಿಯಾಗಿರುವುದಕ್ಕೂ ವ್ಯತ್ಯಾಸವಿದೆ ಎಂದು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು. ನಾಚುವವರಿಗೆ ಜನರೊಡನೆ ಸೇರುವ ಆಸೆ ಇರುತ್ತದೆ, ಏನಂದುಕೊಳ್ಳುವರೋ ಎಂಬ ಅಳುಕು ತಡೆಯುತ್ತದೆ. ನನಗೆ ಅಳುಕಿಲ್ಲ. ನೂರು ಜನರ ಎದುರು ನಿಂತು ಅರ್ಧ ಗಂಟೆ ವಿಷಯ ಮಂಡಿಸಬಲ್ಲೆ, ಚೆನ್ನಾಗಿಯೇ ಮಂಡಿಸುತ್ತೇನೆ. ಆಮೇಲಿನ ಹರಟೆಯಲ್ಲಿ ಮಾತ್ರ ನನ್ನ ಬತ್ತಿ ಆರುತ್ತ ಬರುತ್ತದೆ. ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು ಜಗತ್ತಿಗೆ ಪರಿಚಯಿಸಿದವರು ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್, 1921ರಲ್ಲಿ. ಪೂರ್ತಿ ಅಂತರ್ಮುಖಿ ಅಥವಾ ಪೂರ್ತಿ ಬಹಿರ್ಮುಖಿ ಎಂಬುವರು ಅಪರೂಪ, ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ. ನಾನು ಒಂದು ತುದಿಗೆ ಹತ್ತಿರ, ನನ್ನ ಗಂಡ ಇನ್ನೊಂದು ತುದಿಗೆ.

ನಾವಿಬ್ಬರೂ ಒಂದು ರಜೆಯ ದಿನ ನಿಂಬೆರಸದ ಪರೀಕ್ಷೆಯನ್ನೂ ಮಾಡಿಕೊಂಡೆವು. ಅಂತರ್ಮುಖಿಗಳ ಮಿದುಳು ಮೊದಲೇ ಹೆಚ್ಚು ಎಚ್ಚರದ ಸ್ಥಿತಿಯಲ್ಲಿರುತ್ತದೆ, ಆದ್ದರಿಂದ ಹೊರಗಿನ ಗದ್ದಲ ಅವರಿಗೆ ಬೇಗ ಅತಿಯಾಗುತ್ತದೆ ಎಂದು 1967ರಲ್ಲಿ ಹ್ಯಾನ್ಸ್ ಐಸೆಂಕ್ ಎಂಬ ಮನೋವಿಜ್ಞಾನಿ ವಾದಿಸಿದರು. ನಾಲಿಗೆಗೆ ನಿಂಬೆರಸ ಬಿದ್ದಾಗ ಅಂತರ್ಮುಖಿಗಳಲ್ಲಿ ಹೆಚ್ಚು ಜೊಲ್ಲು ಸುರಿಯುತ್ತದೆಂದು ಆ ದಶಕದ ಪ್ರಯೋಗಗಳು ತೋರಿಸಿದ್ದವು. ಎರಡೂ ತುದಿಗೆ ಹತ್ತಿ ಇರುವ ಕಡ್ಡಿಯ ನಟ್ಟನಡುವೆ ದಾರ ಕಟ್ಟಬೇಕು. ಒಂದು ತುದಿಯನ್ನು ಇಪ್ಪತ್ತು ಸೆಕೆಂಡು ನಾಲಿಗೆಯ ಮೇಲಿಡಬೇಕು. ಆಮೇಲೆ ನಾಲಿಗೆಗೆ ನಾಲ್ಕು ಹನಿ ನಿಂಬೆರಸ ಬಿಟ್ಟು, ಇನ್ನೊಂದು ತುದಿಯನ್ನು ಅಷ್ಟೇ ಹೊತ್ತು ಇಡಬೇಕು. ದಾರ ಹಿಡಿದೆತ್ತಿದರೆ ನನ್ನ ಕಡ್ಡಿ ನಿಂಬೆರಸದ ನಂತರ ಇಟ್ಟ ತುದಿಯ ಕಡೆಗೆ ವಾಲಿ ನೇತಾಡಿತು. ಅವರದು ಹೆಚ್ಚುಕಡಿಮೆ ನೆಟ್ಟಗೆ ಅಡ್ಡಲಾಗಿಯೇ ನಿಂತಿತು. ಗುಂಪುಗಳ ಸರಾಸರಿಯಲ್ಲಿ ಕಂಡ ಸಂಗತಿಯನ್ನು ಒಬ್ಬಿಬ್ಬರ ಜೊಲ್ಲಿನಿಂದ ನಿರ್ಣಯಿಸಬಾರದು, ಅದು ನನಗೂ ಗೊತ್ತು. ಆದರೆ ವಾಲಿದ ಆ ಕಡ್ಡಿ ನಮ್ಮ ಮನೆಯಲ್ಲಿ ನನ್ನ ನೂರು ವಿವರಣೆಗಳು ಮಾಡದ ಕೆಲಸ ಮಾಡಿತು. "ಹಾಗಾದರೆ ಇದು ನನ್ನ ಮೇಲಿನ ಬೇಸರವಲ್ಲ" ಎಂದರು ಅವರು. ಇಷ್ಟು ವರ್ಷ ಅವರು ಅದನ್ನೇ ಅಂದುಕೊಂಡಿದ್ದರು ಎಂಬುದು ನನಗೆ ತಿಳಿದದ್ದೂ ಆಗಲೇ.

ಅಲ್ಲಿಂದ ನಾನು ಕದಿಯುವುದನ್ನು ಬಿಟ್ಟು ಕೇಳಲು ಶುರುಮಾಡಿದೆ. ಕೇಳುವುದು ಸುಲಭವಾಗಿರಲಿಲ್ಲ. "ನನಗೆ ಸ್ವಲ್ಪ ಹೊತ್ತು ಒಬ್ಬಳೇ ಇರಬೇಕು" ಎಂಬ ವಾಕ್ಯವನ್ನು ಎಷ್ಟು ಮೃದುವಾಗಿ ಹೇಳಿದರೂ ಎದುರಿನವರಿಗೆ ಅದು "ನೀನು ಬೇಡ" ಎಂದೇ ಕೇಳಿಸುತ್ತದೆ. ಕೆಲವು ತಿಂಗಳು ಎಡವಿದ ಮೇಲೆ ದೋಷವೆಲ್ಲ "ಸ್ವಲ್ಪ ಹೊತ್ತು" ಎಂಬಲ್ಲಿದೆ ಎಂದು ಅರ್ಥವಾಯಿತು. ಅದಕ್ಕೆ ಕೊನೆಯಿಲ್ಲ. ಈಗ ಹೊರಬರುವ ಸಮಯವನ್ನೇ ಮೊದಲು ಹೇಳುತ್ತೇನೆ: "ಏಳು ಗಂಟೆಗೆ ಬರುತ್ತೇನೆ. ಅಲ್ಲಿಯವರೆಗೆ ಒಳಗಿರುತ್ತೇನೆ." ಏಳು ಎಂದರೆ ಏಳೇ. ಒಳಗೆ ಎಷ್ಟೇ ಹಿತವಾಗಿದ್ದರೂ ಎದ್ದು ಬರುತ್ತೇನೆ. ಎರಡು ಸಲ ತಪ್ಪಿದರೆ ಮೂರನೆಯ ಸಲ ಯಾರೂ ನಂಬುವುದಿಲ್ಲ. ನಂಬದವರು ಬಾಗಿಲು ತಟ್ಟುತ್ತಾರೆ.

ಇದನ್ನು ನನಗೆ ಸರಿಯಾಗಿ ಕಲಿಸಿದವಳು ಮಗಳು. ಅವಳು ಅಪ್ಪನ ಹಾಗೆ, ಕಣ್ಣು ಬಿಟ್ಟ ಕ್ಷಣದಿಂದ ಮಾತು. ಅವಳಿಂದ ಬಿಡುವು ಬೇಕೆನಿಸಿದಾಗಲೆಲ್ಲ ನಾನು "ತಲೆನೋವು ಕಂದಾ" ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆರು ವರ್ಷದವಳಿದ್ದಾಗ ಒಂದು ದಿನ ಬಂದು ಕಿವಿಯಲ್ಲಿ ಪಿಸುಗುಟ್ಟಿದಳು: "ಅಮ್ಮಾ, ನಾನು ಮಾತನಾಡಿದರೆ ನಿನಗೆ ತಲೆ ನೋಯುತ್ತದೆಯೇ?" ನೋಯಿಸಬಾರದೆಂದು ಪಿಸುಮಾತಿನಲ್ಲಿ ಕೇಳಿದ್ದಳು. ಅದಾದ ಮೇಲೆ ತಲೆನೋವಿನ ನೆಪವನ್ನು ನಾನು ಎಂದೂ ಬಳಸಿಲ್ಲ.

ಆ ದಿನವೇ ಅವಳನ್ನು ಕೂರಿಸಿಕೊಂಡು ಹೇಳಿದೆ: ಓಡಿದ ಮೇಲೆ ನಿನಗೆ ಕಾಲು ಸೋಲುತ್ತದಲ್ಲ, ಮಾತು ಕೇಳಿದ ಮೇಲೆ ನನಗೆ ಹಾಗೆಯೇ. ಓಟ ಇಷ್ಟವಿಲ್ಲವೆಂದಲ್ಲ. ಅವಳಿಗೆ ಥಟ್ಟನೆ ಅರ್ಥವಾಯಿತು. ರಟ್ಟಿನ ಮೇಲೆ ಗಡಿಯಾರ ಬರೆದು, ಮುಳ್ಳುಗಳನ್ನು ಗುಂಡುಸೂಜಿಯಿಂದ ಸಿಕ್ಕಿಸಿ, "ಅಮ್ಮ ಒಳಗೆ" ಎಂದು ಬರೆದು ತಂದಳು. ನಾನು ಒಳಹೋಗುವಾಗ ಹೊರಬರುವ ಸಮಯಕ್ಕೆ ಮುಳ್ಳು ತಿರುಗಿಸಿ ಬಾಗಿಲಿಗೆ ತೂಗುಹಾಕಬೇಕು. ಮೊದಮೊದಲು ಕೊನೆಯ ಐದು ನಿಮಿಷ ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪುಟ್ಟ ಪಾದಗಳ ನೆರಳು ಬಂದು ನಿಲ್ಲುತ್ತಿತ್ತು. ಸದ್ದಿಲ್ಲ, ತಟ್ಟುವುದಿಲ್ಲ, ನೆರಳು ಮಾತ್ರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿತ್ತು. ಆ ಐದು ನಿಮಿಷ ನನಗೆ ಏಕಾಂತವಾಗಿ ಉಳಿಯುತ್ತಿರಲಿಲ್ಲ. ಆದರೂ ಅದರ ಬಗ್ಗೆ ನನಗೆ ದೂರಿಲ್ಲ.

ಒಳಗೆ ಹೋಗಿ ಏನು ಮಾಡುತ್ತೀಯ ಎಂದು ಬಹಳ ಮಂದಿ ಕೇಳುತ್ತಾರೆ. ಮೊದಲ ಹದಿನೈದು ನಿಮಿಷ ನನಗೂ ಚಡಪಡಿಕೆಯೇ. 2014ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಜನರನ್ನು ಖಾಲಿ ಕೋಣೆಯಲ್ಲಿ ಹದಿನೈದು ನಿಮಿಷ ಒಬ್ಬರನ್ನೇ ಕೂರಿಸಿ, ಬೇಕಾದರೆ ಒತ್ತಿಕೊಳ್ಳಲು ವಿದ್ಯುತ್ ಶಾಕ್ ಕೊಡುವ ಗುಂಡಿಯೊಂದನ್ನು ಇಟ್ಟಿದ್ದರು. 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಒಮ್ಮೆಯಾದರೂ ಗುಂಡಿ ಒತ್ತಿದರು! ನಗಬೇಕೆನಿಸಿತು, ಆಮೇಲೆ ನನ್ನ ಕೈಯಲ್ಲಿದ್ದ ಮೊಬೈಲ್ ನೋಡಿಕೊಂಡೆ. ಬಾಗಿಲು ಹಾಕಿಕೊಂಡು ಮೊಬೈಲ್ ಹಿಡಿದರೆ ಇನ್ನೂರು ಜನರನ್ನು ಕೋಣೆಗೆ ಕರೆದಂತೆ. ಒಂದು ಗಂಟೆ ಹಾಗೆ ಕಳೆದು ಹೊರಬಂದರೆ ಒಳಹೋದಾಗಿಗಿಂತ ಹೆಚ್ಚು ಸಿಡಿಮಿಡಿ. ಈಗ ಅದು ಹೊರಗೆ, ರಟ್ಟಿನ ಗಡಿಯಾರದ ಪಕ್ಕದಲ್ಲಿ ಇರುತ್ತದೆ. ನಾನು ಒಳಗೆ ಹಳೆಯ ಬಟ್ಟೆಗೆ ಹೊಲಿಗೆ ಹಾಕುತ್ತೇನೆ, ಇಲ್ಲವೇ ಕಿಟಕಿಯಾಚೆ ನೋಡುತ್ತ ಕೂರುತ್ತೇನೆ. ಕೈಗೆ ಸಣ್ಣ ಕೆಲಸವಿದ್ದರೆ ಮನಸ್ಸು ಬೇಗ ತಳ ಮುಟ್ಟುತ್ತದೆ.

ಸಮಾರಂಭಗಳ ವಿಷಯದಲ್ಲಿ ನಾನು ಬಹಳ ಕಾಲ ತಪ್ಪು ಲೆಕ್ಕ ಹಾಕುತ್ತಿದ್ದೆ. ಮನೆಗೆ ಮರಳಿದ ಕೂಡಲೇ ಒಂದು ಗಂಟೆ ಕೋಣೆ ಸೇರಿದರೆ ಸಾಕೆಂದುಕೊಂಡು, ಆಗಲೇನೂ ದಣಿವಿಲ್ಲದೆ, ಎದ್ದು ಬಂದು ರಾತ್ರಿ ಊಟದ ಹೊತ್ತಿಗೆ ಯಾರ ಮೇಲಾದರೂ ರೇಗುತ್ತಿದ್ದೆ. ಫಿನ್‌ಲೆಂಡಿನ ವಿದ್ಯಾರ್ಥಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಬಿಡಿಸಿತು. ಜನರೊಡನೆ ಉತ್ಸಾಹದಿಂದ ಬೆರೆತಾಗ ಆ ಹೊತ್ತಿಗೆ ಮನಸ್ಸು ಹಗುರವಾಗಿಯೇ ಇರುತ್ತದೆ, ದಣಿವು ಕಾಣಿಸಿಕೊಳ್ಳುವುದು ಸುಮಾರು ಮೂರು ಗಂಟೆಗಳ ನಂತರ. ಅದೂ ಅಂತರ್ಮುಖಿಗಳಿಗೆ ಮಾತ್ರವಲ್ಲ, ಎಲ್ಲರಿಗೂ. ಈಗ ನನ್ನ ಬಿಡುವನ್ನು ಸಮಾರಂಭದ ಬೆನ್ನಿಗೇ ಇಟ್ಟುಕೊಳ್ಳದೆ ಎರಡು ಮೂರು ಗಂಟೆ ಮುಂದಕ್ಕೆ ಹಾಕುತ್ತೇನೆ. ನನ್ನ ಗಂಡ ಆ ಹೊತ್ತಿನಲ್ಲಿ ಸೋಫಾದ ಮೇಲೆ ನಿದ್ದೆ ಹೋಗಿರುವುದನ್ನೂ ಗಮನಿಸಿದ್ದೇನೆ.

ನನಗೆ ಹಿಡಿಸದ ಸಂಶೋಧನೆಯೂ ಇದೆ. ಬಹಿರ್ಮುಖಿಗಳ ಹಾಗೆ ವರ್ತಿಸಿದ ಕ್ಷಣಗಳಲ್ಲಿ ಅಂತರ್ಮುಖಿಗಳೂ ಹೆಚ್ಚು ಸಂತೋಷದಿಂದಿರುತ್ತಾರೆ ಎಂದು 2002ರಲ್ಲೇ ತೋರಿಸಿದ್ದಾರೆ. ಓದಿ ಮುಖ ಸಿಂಡರಿಸಿದೆ, ಆದರೆ ಸುಳ್ಳೆನ್ನಲಾರೆ. ಹೋಗಲೇಬಾರದು ಎಂದುಕೊಂಡು ಹೋದ ಎಷ್ಟೋ ಕೂಟಗಳಲ್ಲಿ ನಾನು ಮನಸಾರೆ ನಕ್ಕಿದ್ದೇನೆ. ಆದ್ದರಿಂದ ಕರೆದವರಿಗೆಲ್ಲ "ಇಲ್ಲ" ಎನ್ನುವ ಚಟವನ್ನು ಬಿಟ್ಟಿದ್ದೇನೆ. ಹೋಗುತ್ತೇನೆ, ಎಷ್ಟು ಹೊತ್ತಿಗೆ ಹೊರಡುತ್ತೇನೆ ಎಂದು ಬಾಗಿಲಲ್ಲೇ ಹೇಳಿಬಿಡುತ್ತೇನೆ. ಒಂದು ವಾರವಿಡೀ ಬಹಿರ್ಮುಖಿಗಳಂತೆ ವರ್ತಿಸಲು ಹೇಳಿದಾಗ ತೀವ್ರ ಅಂತರ್ಮುಖಿಗಳಿಗೆ ದಣಿವೂ ತಾನು ತಾನಲ್ಲ ಎಂಬ ಭಾವವೂ ಹೆಚ್ಚಿತೆಂದು 2019ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕಂಡುಕೊಂಡರು ಎಂಬುದನ್ನು ನನ್ನ ಸಮಾಧಾನಕ್ಕಾಗಿ ಸೇರಿಸುತ್ತೇನೆ.

ಕಚೇರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಭೆಯ ವಿಷಯಗಳನ್ನು ಹಿಂದಿನ ದಿನವೇ ಕೊಡಿ ಎಂದು ಕೇಳಿಕೊಂಡೆ, ಕೊಟ್ಟರು. ನಾಲ್ವರು ಸೇರಿ ಚರ್ಚಿಸಿದ್ದಕ್ಕಿಂತ ಬೇರೆ ಬೇರೆ ಕುಳಿತು ಯೋಚಿಸಿದ ನಾಲ್ವರಿಂದಲೇ ಹೆಚ್ಚು ಸಲಹೆಗಳು ಬರುತ್ತವೆ ಎಂದು ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದು 1958ರಲ್ಲೇ ತೋರಿಸಿದ್ದರೂ, ಸಭೆ ಎಂಬುದನ್ನು ಯಾರೂ ನಿಲ್ಲಿಸುವಂತೆ ಕಾಣುವುದಿಲ್ಲ.

ಒಮ್ಮೆ ಮಾತ್ರ ನಾನು ಅತಿ ಮಾಡಿದೆ. ಗಂಡ, ಮಗಳು ಇಬ್ಬರೂ ಹೊರಟುಹೋಗಿದ್ದ ಒಂದು ರಜೆಯಲ್ಲಿ ಮೂರು ವಾರ ನಾನೊಬ್ಬಳೇ ಇದ್ದೆ. ಮೊದಲ ವಾರ ಹಬ್ಬ. ಎರಡನೆಯದರಲ್ಲಿ ಸ್ನಾನದ ಹೊತ್ತು ತಪ್ಪಿತು. ಮೂರನೆಯ ವಾರ ಬಾಗಿಲ ಗಂಟೆ ಬಾರಿಸಿದರೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಏಕಾಂತ ಯಾವಾಗ ಒಂಟಿತನವಾಯಿತೋ ತಿಳಿಯಲೇ ಇಲ್ಲ, ಎರಡಕ್ಕೂ ಹೊರಗಿನಿಂದ ಒಂದೇ ಮುಖ. ಆಮೇಲೆ ನನ್ನದೇ ಒಂದು ಗುರುತು ಮಾಡಿಕೊಂಡೆ. ಒಳ್ಳೆಯ ಏಕಾಂತದಿಂದ ಎದ್ದಾಗ ಯಾರಿಗಾದರೂ ಏನಾದರೂ ಹೇಳಬೇಕೆನಿಸುತ್ತದೆ, ಕಿಟಕಿಯಲ್ಲಿ ಕಂಡ ಹಕ್ಕಿಯ ವಿಷಯವಾದರೂ ಸರಿ. ನನಗೆ ತೀರಾ ಇಷ್ಟವಾದವರ ಹೆಸರು ಮೊಬೈಲಿನಲ್ಲಿ ಮಿನುಗಿದರೂ ಕೈ ಏಳದಿದ್ದರೆ, ಅದು ಬೇರೆಯದೇ. ಅಂಥ ದಿನ ಬಾಗಿಲು ತೆರೆದು ಹೊರಗೆ ನಡೆದುಬಿಡುತ್ತೇನೆ. ಆ ಸ್ಥಿತಿ ವಾರಗಟ್ಟಲೆ ಬಿಡದಿದ್ದರೆ ವೈದ್ಯರ ಬಳಿ ಹೋಗುವುದೇ ಸರಿ, ಅದನ್ನು ಸ್ವಭಾವವೆಂದು ಹೇಳಿಕೊಂಡು ಕೂರಬಾರದು.

ಇನ್ನೂ ಬಗೆಹರಿಯದೆ ಉಳಿದಿರುವುದು ಫೋನ್. ಮುನ್ಸೂಚನೆಯಿಲ್ಲದೆ ಬರುವ ಕರೆಯನ್ನು ನಾನು ಎತ್ತುವುದಿಲ್ಲ. ಸಂಜೆ ನಾನೇ ಮಾಡುತ್ತೇನೆ. ಹೆಚ್ಚಿನವರು ಒಪ್ಪಿಕೊಂಡಿದ್ದಾರೆ. ಹಳೆಯ ಗೆಳತಿಯೊಬ್ಬಳು ಮಾತ್ರ ಒಪ್ಪಿಲ್ಲ. "ನೀನು ಫೋನ್ ಎತ್ತುವಷ್ಟರಲ್ಲಿ ನನ್ನ ಸಂಕಟವೇ ಮುಗಿದಿರುತ್ತದೆ ಕಣೇ" ಎಂದು ಒಮ್ಮೆ ಹೇಳಿದಳು. ಅವಳ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಕೊನೆಗೆ, ಒಮ್ಮೆ ರಿಂಗ್ ಕೊಟ್ಟು ಕತ್ತರಿಸಿ ಮತ್ತೆ ಮಾಡಿದರೆ ಅದು ತುರ್ತು, ಆಗ ಎಲ್ಲಿದ್ದರೂ ಎತ್ತುತ್ತೇನೆ ಎಂದು ಮಾತಾಯಿತು. ಕಳೆದ ವಾರ ಹಾಗೆ ಎರಡು ಸಲ ಬಂತು. ಗಡಿಯಾರದ ಮುಳ್ಳಿಗೆ ಇನ್ನೂ ಅರ್ಧ ಗಂಟೆ ಇತ್ತು, ಬಾಗಿಲು ತೆರೆದು ಓಡಿ ಎತ್ತಿದೆ.

"ಏನೂ ಇಲ್ಲ, ಎತ್ತುತ್ತೀಯೋ ಇಲ್ಲವೋ ನೋಡಿದೆ" ಎಂದಳು.

ಬೈದೆ. ಆಮೇಲೆ ಮುಕ್ಕಾಲು ಗಂಟೆ ಮಾತನಾಡಿದೆವು.