ತಿಪ್ಪೆ ಸರಿಸಿದ ಮೇಲೆ ಬಂದ ಬಸ್ಸು

ನಮ್ಮ ಪಂಚಾಯಿತಿ ಕಚೇರಿಯ ಬೀರುವಿನಲ್ಲಿ ಒಂದು ದಪ್ಪ ಫೈಲು ಇತ್ತು. ಅದರ ತುಂಬ ಒಂದೇ ಅರ್ಜಿ: 'ನಮ್ಮ ಗ್ರಾಮಕ್ಕೆ ಬಸ್ ಸೌಕರ್ಯ ಕಲ್ಪಿಸಿಕೊಡುವಂತೆ ಕೋರಿ.' ದಿನಾಂಕ ಬೇರೆ, ಅಧ್ಯಕ್ಷರ ಸಹಿ ಬೇರೆ, ಒಕ್ಕಣೆ ಮಾತ್ರ ಅದೇ. 2020ರ ಡಿಸೆಂಬರ್ ಚುನಾವಣೆಯಲ್ಲಿ ಸದಸ್ಯೆಯಾಗಿ ಗೆದ್ದಿದ್ದ ನನಗೆ ಎರಡನೇ 30 ತಿಂಗಳ ಅವಧಿಗೆ ಅಧ್ಯಕ್ಷ ಸ್ಥಾನ ಸಿಕ್ಕಿತು. ನಾನೂ ಅದೇ ಅರ್ಜಿಯನ್ನು ಹೊಸದಾಗಿ ಟೈಪ್ ಮಾಡಿಸಿಕೊಂಡು ಡಿಪೋಗೆ ಹೋದೆ.

ತುಮಕೂರು ಜಿಲ್ಲೆಯ ನಮ್ಮೂರು ಹೆದ್ದಾರಿಯಿಂದ 4 ಕಿಲೋಮೀಟರ್ ಒಳಗಿದೆ. ಬಸ್ಸು ಹತ್ತಬೇಕೆಂದರೆ ಗೇಟಿನವರೆಗೆ, ಅಂದರೆ ನಮ್ಮೂರ ದಾರಿ ಹೆದ್ದಾರಿಗೆ ಸೇರುವ ಸ್ಟಾಪಿನವರೆಗೆ ನಡೆಯಬೇಕು, ಇಲ್ಲವೇ ಆಟೋ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ಸು ಉಚಿತವಾಯಿತು. ಆದರೆ ಬೆಳಗ್ಗೆ ನಮ್ಮ ಗೇಟಿಗೆ ಬರುವ ಹೊತ್ತಿಗೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕಾಲೇಜು ಹುಡುಗಿಯರು ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ನುಗ್ಗುತ್ತಿದ್ದರು. ತಾಲೂಕು ಕೇಂದ್ರಕ್ಕೆ ಬಸ್ಸು ಪುಕ್ಕಟೆ, ಗೇಟಿಗೆ ಹೋಗುವ ಆಟೋಗೆ 20 ರೂಪಾಯಿ. ಯಾವ ನ್ಯಾಯ ಇದು?

ಡಿಪೋ ಮ್ಯಾನೇಜರ್ ಅರ್ಜಿ ಓದಿ ಬದಿಗಿಟ್ಟರು. "ಮೇಡಂ, ಬಸ್ಸು ಕೊಟ್ಟೆ ಅಂತಿಟ್ಕೊಳ್ಳಿ. ಎಲ್ಲಿ ತಿರುಗಿಸೋದು?" ನಾನು ಸುಮ್ಮನಾದೆ. "ಎಷ್ಟು ಗಂಟೆಗೆ ಎಷ್ಟು ಜನ ಹತ್ತುತ್ತಾರೆ?" "ತುಂಬಾ ಜನ ಸರ್" ಅಂದೆ. ಅವರು ನಕ್ಕರು. ನನಗೆ ಸಿಟ್ಟು ಬಂತು. ಆದರೆ ದಾರಿಯುದ್ದಕ್ಕೂ ಆ ಎರಡು ಪ್ರಶ್ನೆ ತಲೆಯಿಂದ ಹೋಗಲಿಲ್ಲ.

ಮೊದಲು ಎಣಿಸಿದೆವು. ಇಬ್ಬರು ಸದಸ್ಯರು, ಗ್ರಂಥಾಲಯದ ಹುಡುಗ ಮತ್ತು ನಾನು ಸರದಿಯಂತೆ ಆರು ದಿನ ಊರ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ಕೂತೆವು. ಬೆಳಗ್ಗೆ ಏಳರಿಂದ ಎಂಟರೊಳಗೆ ನಲವತ್ತಕ್ಕೆ ಕಡಿಮೆ ಜನ ಹೋದ ದಿನ ಇಲ್ಲ. ಸಂಜೆ ಅವರೇ ವಾಪಸ್. ಮಧ್ಯಾಹ್ನ ನೋಡಿದರೆ ಐದಾರು ಜನ, ಅಷ್ಟೇ. ನಾವು ಇಷ್ಟು ವರ್ಷ ದಿನಕ್ಕೆ ನಾಲ್ಕು ಟ್ರಿಪ್ ಕೇಳುತ್ತಾ ಬಂದಿದ್ದೆವು! ಬೇಕಾಗಿದ್ದದ್ದು ಎರಡು.

ಆ ಲೆಕ್ಕ ನೋಡಿದಾಗ ಡಿಪೋದವರ ಮಾತಿನ ಧಾಟಿಯೇ ಬದಲಾಯಿತು. ಬೆಳಗ್ಗೆ ಡಿಪೋದಿಂದ ನಮ್ಮೂರಿಗೆ ಬಸ್ಸು ಕಳಿಸಿದರೆ ಬರುವಾಗ ಖಾಲಿ, ಸುಮ್ಮನೆ ಡೀಸೆಲ್ ದಂಡ. ಸಂಜೆ ಜನರನ್ನು ತಂದು ಇಲ್ಲೇ ಹಾಲ್ಟ್ ಆದರೆ ಬೆಳಗ್ಗೆ ಮೊದಲ ಟ್ರಿಪ್ಪೇ ತುಂಬಿ ಹೋಗುತ್ತದೆ. ಕಿಲೋಮೀಟರಿಗೆ ಎಷ್ಟು ದುಡ್ಡು ಹುಟ್ಟುತ್ತೆ ಅನ್ನುವುದೇ ಅವರ ಮುಖ್ಯ ಲೆಕ್ಕ. ಹಾಗಾಗಿ ನೈಟ್ ಹಾಲ್ಟ್ ಕೇಳಿದೆವು.

ಅವರು ರಸ್ತೆ ನೋಡಲು ಬಂದರು. ಎರಡೂ ಕಡೆ ಜಾಲಿ ಮುಳ್ಳು, ಒಂದು ಕಡೆ ಜೋತುಬಿದ್ದ ಕರೆಂಟ್ ತಂತಿ. ಜಾಲಿಯನ್ನು ಪಂಚಾಯಿತಿಯಿಂದ ತೆಗೆಸಿದೆವು. ತಂತಿಗೆ ಎರಡು ತಿಂಗಳು ಅಲೆದೆ, ಆ ಕಥೆ ಬೇಡ. ನಿಜವಾದ ಕಷ್ಟ ತಿಪ್ಪೆಯದು. ಉದ್ದನೆಯ ಬಸ್ಸು ಹಿಂದೆ ಮುಂದೆ ಮಾಡದೆ ತಿರುಗಲು ಸುಮಾರು 80 ಅಡಿ ಜಾಗ ಬೇಕು. ಅಷ್ಟು ಜಾಗ ಇದ್ದದ್ದು ಅರಳಿಕಟ್ಟೆ ಪಕ್ಕದ ಸರ್ಕಾರಿ ಬಯಲಲ್ಲಿ ಮಾತ್ರ. ಅಲ್ಲಿ ಮೂರು ಮನೆಯವರ ತಿಪ್ಪೆ. "ನಮ್ಮಜ್ಜನ ಕಾಲದ ತಿಪ್ಪೆ, ನೀನ್ಯಾರವ್ವ ಕೇಳೋಕೆ?" ಅಂದರು ಒಬ್ಬ ಯಜಮಾನರು. ನೋಟಿಸ್ ಕೊಡಿ ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೇಳಿದರು. ನಾನು ಕೊಡಲಿಲ್ಲ. ನೋಟಿಸ್ ಕೊಟ್ಟರೆ ಕೋರ್ಟು, ಕೋರ್ಟಿಗೆ ಹೋದರೆ ನನ್ನ ಅವಧಿಯೇ ಮುಗಿದುಹೋಗುತ್ತದೆ. ಗೊಬ್ಬರ ಹೊಲಕ್ಕೆ ಹೊಡೆಯುವ ಕಾಲದವರೆಗೆ ಕಾದೆ. ತಿಪ್ಪೆ ಖಾಲಿಯಾದ ವಾರವೇ ಗುಂಡಿ ಮುಚ್ಚಿಸಿ ಗ್ರಾವೆಲ್ ಹಾಕಿಸಿದೆವು. ಊರಾಚೆ ಬೇರೆ ಜಾಗ ತೋರಿಸಿದೆವು. ಅಷ್ಟರಲ್ಲಿ ಯಜಮಾನರ ಮೊಮ್ಮಗಳು ಪಿಯುಸಿಗೆ ಸೇರಿದ್ದಳು. ಅದೂ ನಮಗೆ ಅನುಕೂಲವಾಯಿತು ಅನ್ನಿ.

ಇನ್ನು ರಾತ್ರಿ ಮಲಗುವವರ ವಿಷಯ. ಹಳೇ ಅಂಗನವಾಡಿಯ ಕೋಣೆಗೆ ಸುಣ್ಣ ಬಳಿಸಿ, ಚೆನ್ನಾಗಿದೆ ಅಂದುಕೊಂಡಿದ್ದೆವು. ಕಂಡಕ್ಟರ್ ಬಂದು ಮೊದಲು ನೋಡಿದ್ದು ಬಾಗಿಲನ್ನು. "ಅಕ್ಕ, ಒಳಗಡೆಯಿಂದ ಗಟ್ಟಿ ಚಿಲಕ ಬೇಕು. ಕ್ಯಾಶ್ ಬ್ಯಾಗು, ಟಿಕೆಟ್ ಮೆಷಿನ್ ಎರಡೂ ನನ್ನ ತಲೆದಿಂಬಿನ ಕೆಳಗೇ ಇರ್ತವೆ." ಡ್ರೈವರ್ ಕೇಳಿದ್ದು ಶೌಚಾಲಯ, ಸೊಳ್ಳೆ ಪರದೆ. ಇಷ್ಟು ವರ್ಷದ ಅರ್ಜಿಗಳಲ್ಲಿ ಇವರಿಬ್ಬರೂ ಎಲ್ಲಿ ಮಲಗಬೇಕು ಅಂತ ಒಂದು ಸಾಲೂ ಇರಲಿಲ್ಲ. ಎಲ್ಲವನ್ನೂ ಪಂಚಾಯಿತಿಯ ಸ್ವಂತ ನಿಧಿಯಿಂದ ಮಾಡಿದೆವು. ರಾತ್ರಿ ಊಟ ಸ್ತ್ರೀಶಕ್ತಿ ಸಂಘದ ಒಬ್ಬರ ಮನೆಯಿಂದ, ಕಾಸು ಡ್ರೈವರ್, ಕಂಡಕ್ಟರೇ ಕೊಡುತ್ತಾರೆ.

ಬಸ್ಸು ಬಂದ ದಿನ ಬಾಳೆಕಂದು ಕಟ್ಟಿ ಪೂಜೆ ಮಾಡಿದೆವು. ಆಮೇಲೆ ಒಂದು ತಿಂಗಳು ಕಲೆಕ್ಷನ್ ಸಾಲದು ಅಂತ ಡಿಪೋದಿಂದ ಫೋನ್. ವಿಚಾರಿಸಿದರೆ ಕಾರಣ ಸಣ್ಣದು. ಪುಕ್ಕಟೆ ತಾನೇ ಅಂತ ಕೆಲವು ಹೆಂಗಸರು ನೂಕುನುಗ್ಗಲಲ್ಲಿ ಟಿಕೆಟ್ ಕೇಳದೆ ಇಳಿದುಬಿಡುತ್ತಿದ್ದರು. ಶೂನ್ಯ ಟಿಕೆಟ್ ಹರಿದರೆ ತಾನೇ ಅದರ ಬೆಲೆ ಸರ್ಕಾರದ ಲೆಕ್ಕಕ್ಕೆ ಹೋಗಿ ಬಸ್ಸಿನ ಆದಾಯ ಆಗುವುದು? ಸಂಘದ ಸಭೆಗಳಿಗೆ ಹೋಗಿ ಹೇಳಿದೆ: ಆಧಾರ್ ತೋರಿಸಿ, ಟಿಕೆಟ್ ಕೇಳಿ ಇಸ್ಕೊಳ್ಳಿ, ಇಲ್ಲದಿದ್ದರೆ ನೀವು ಹತ್ತೇ ಇಲ್ಲ ಅಂತ ಲೆಕ್ಕ. ಪಾಸಿನ ಹುಡುಗರದ್ದೂ ಇದೇ ಕಥೆ, ಎಷ್ಟು ಜನ ಹತ್ತಿದರೂ ಆ ದಿನದ ದುಡ್ಡಿನಲ್ಲಿ ಕಾಣುವುದಿಲ್ಲ. ಅದಕ್ಕೇ ಪಾಸ್ ಇರುವವರ ಪಟ್ಟಿಯನ್ನು ಬೇರೆಯಾಗಿ ಕಳಿಸಿದೆವು.

ಆಟೋದವನ ಮುಖ ನೋಡಲು ಮಾತ್ರ ನನಗೆ ಈಗಲೂ ಕಷ್ಟ. ಸಾಲ ಮಾಡಿ ಗಾಡಿ ತಂದಿದ್ದ. ಮಧ್ಯಾಹ್ನದ ಬಾಡಿಗೆ ಅವನಿಗೇ ಉಳಿಯಿತು, ಆದರೆ ಬೆಳಗಿನ ದುಡಿಮೆ ಹೋಯಿತು.

ನನ್ನ ಅವಧಿ ಮುಗಿದಿದೆ. ಬಸ್ಸು ಕೆಟ್ಟು ಸಂಜೆ ಬರದಿದ್ದರೆ ಜನ ಇನ್ನೂ ನನಗೇ ಫೋನ್ ಮಾಡುತ್ತಾರೆ. ಮೊನ್ನೆ ಡ್ಯೂಟಿ ಬದಲಾಗಿ ಹೊಸ ಡ್ರೈವರ್ ಬಂದರು. ಕೋಣೆ ನೋಡಿ, "ಅಕ್ಕ, ಫ್ಯಾನ್ ಇಲ್ವಾ?" ಅಂದರು. ನಮ್ಮ ಮನೆಯ ಟೇಬಲ್ ಫ್ಯಾನ್ ಕೊಟ್ಟು ಕಳಿಸಿದ್ದೇನೆ.