ನೆಲದಲ್ಲಿದ್ದುದನ್ನು ಬಿಡಲು ಕೆಂಚ ಕಲಿತದ್ದು ಹೀಗೆ

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರು ನಮ್ಮ ಮೈಸೂರು. ನಮ್ಮ ಕಣ್ಣಿಗೆ ರಸ್ತೆಗಳು ಚೊಕ್ಕಟವಾಗಿಯೇ ಕಾಣುತ್ತವೆ. ಆದರೆ ನಾಯಿಮರಿಯ ಮೂಗು ಇರುವುದು ನೆಲದಿಂದ ಒಂದು ಗೇಣು ಮೇಲೆ. ಕುವೆಂಪುನಗರದ ನಮ್ಮ ಬೀದಿಯಲ್ಲಿ ಅದಕ್ಕೆ ಏನೇನೆಲ್ಲಾ ಸಿಗುತ್ತದೆ! ಹೊಂಗೆ ಮರದ ಬುಡದಲ್ಲಿ ಕೋಳಿ ಮೂಳೆ, ಮಾವಿನ ಓಟೆ, ಮುಸುಕಿನ ಜೋಳದ ದಿಂಡು, ಬೀಡಿ ತುಂಡು, ಯಾರದೋ ಕಾಂಪೌಂಡಿನಿಂದ ಉದುರಿದ ಕಣಗಿಲೆ ಹೂವು. ನಮ್ಮ ಕೆಂಚ ಬೀದಿಯಿಂದ ತಂದ ನಾಟಿ ಮರಿ. ಅವನ ಲೆಕ್ಕದಲ್ಲಿ ಇದೆಲ್ಲವೂ ಊಟವೇ.

ಮರಿಗಳು ಕಂಡದ್ದಕ್ಕೆಲ್ಲ ಬಾಯಿ ಹಾಕುವುದು ಸಹಜ. ನಾಲ್ಕರಿಂದ ಆರು ತಿಂಗಳಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಇನ್ನೂ ಜಾಸ್ತಿ. ಅದಕ್ಕೆ ಬೈದು ಪ್ರಯೋಜನವಿಲ್ಲ. ಆದರೆ ಕೆಲವು ವಸ್ತುಗಳನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಓಟೆ, ಜೋಳದ ದಿಂಡು ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್ ಮಾಡಬೇಕಾಗಬಹುದು. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ. ಕಣಗಿಲೆ ಹೃದಯಕ್ಕೇ ವಿಷ. ಪಾಯಸದಲ್ಲಿ ಹಾಕುವ ಒಣದ್ರಾಕ್ಷಿ ಕೂಡ ನಾಯಿಯ ಕಿಡ್ನಿಗೆ ಆಗಬಾರದ್ದು.

ಕೆಂಚ ಬಂದ ಹೊಸತರಲ್ಲಿ ನಾನು ಮನೆಯವರಿಗೆಲ್ಲ ಹೇಳಿದ್ದು ಒಂದೇ ಮಾತು: ಅವನ ಬಾಯಿಂದ ಯಾರೂ ಏನನ್ನೂ ಕಿತ್ತುಕೊಳ್ಳಬೇಡಿ. ಅಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವನು ಅಪ್ಪನ ಕಾಲುಚೀಲ ಕಚ್ಚಿಕೊಂಡು ಮಂಚದ ಕೆಳಗೆ ನುಗ್ಗಿದಾಗ, "ಕಿತ್ಕೊಳ್ಳೇ, ನುಂಗ್ಬಿಡುತ್ತೆ!" ಎಂದು ಕೂಗಿದರು.

"ಕಿತ್ಕೊಳ್ಳೋಕೆ ಹೋದ್ರೇನೇ ಅಮ್ಮ ಅದು ನುಂಗೋದು" ಅಂದೆ.

ನಿಜವಾಗಿಯೂ ಗಮನಿಸಿ ನೋಡಿ. ನೀವು ಓಡಿ ಬರುತ್ತಿದ್ದೀರಿ ಎಂದು ಗೊತ್ತಾದ ತಕ್ಷಣ ಮರಿಯ ಕಿವಿ ಹಿಂದಕ್ಕೆ ಹೋಗುತ್ತದೆ, ಕತ್ತು ತಗ್ಗುತ್ತದೆ, ಅಗಿಯುವುದು ನಿಲ್ಲುತ್ತದೆ. ಮುಂದಿನ ಕ್ಷಣ ಗುಳುಂ. ಮನುಷ್ಯರ ಕೈ ಬಂದರೆ ಬಾಯಿಯದು ಹೋಗುತ್ತದೆ ಎಂದು ಅದು ಕಲಿತುಬಿಟ್ಟರೆ, ಎಲ್ಲವನ್ನೂ ಬೇಗ ನುಂಗುವ ನಾಯಿಯಾಗುತ್ತದೆ. ಆಮೇಲೆ ಗುರ್ ಅನ್ನುವುದೂ ಶುರುವಾಗಬಹುದು. ಬ್ಲೇಡೋ, ಮಾತ್ರೆಯೋ, ಇಲಿ ಪಾಷಾಣವೋ ಆದರೆ ಮಾತು ಬೇರೆ, ಆಗ ಬಾಯಿ ಬಿಡಿಸಿ ತೆಗೆಯಲೇಬೇಕು.

ಕಾಲುಚೀಲಕ್ಕೆ ನಾನು ಮಾಡಿದ್ದು ಅದಲು ಬದಲು. ಉಪ್ಪು, ಈರುಳ್ಳಿ ಇಲ್ಲದೆ ಬೇಯಿಸಿದ ಕೋಳಿ ಈಲಿಯ (ಲಿವರ್) ಚೂರುಗಳನ್ನು ಸ್ವಲ್ಪ ದೂರದಲ್ಲಿ ಹಾಕಿ "ಕೊಡು" ಅಂದೆ. ಅವನು ಈಲಿಯ ಕಡೆ ಬಂದ, ನಾನು ಆತುರಪಡದೆ ಕಾಲುಚೀಲ ಎತ್ತಿಕೊಂಡೆ. ಅವನ ಸ್ವಂತ ಆಟದ ಹಗ್ಗವಾದರೆ ಹೀಗೆ ತೆಗೆದುಕೊಂಡು, ಈಲಿ ತಿಂದ ಮೇಲೆ ವಾಪಸ್ ಕೊಟ್ಟುಬಿಡುತ್ತಿದ್ದೆ. ಕೊಟ್ಟರೆ ನಷ್ಟವಿಲ್ಲ ಎಂದು ಅವನಿಗೆ ನಂಬಿಕೆ ಬರುವುದೇ ಇಲ್ಲಿ ಮುಖ್ಯ.

"ಬಿಡು" ಕಲಿಸಿದ್ದು ಅಡುಗೆಮನೆ ನೆಲದ ಮೇಲೆ ಕೂತು. ಮುಷ್ಟಿಯಲ್ಲಿ ಒಂದು ಬಿಸ್ಕತ್ ಚೂರು ಬಿಗಿಯಾಗಿ ಹಿಡಿದು ಅವನ ಮೂಗಿನ ಮುಂದೆ ಇಡುತ್ತಿದ್ದೆ. ನೆಕ್ಕುತ್ತಾನೆ, ಪಂಜದಲ್ಲಿ ಕೆರೆಯುತ್ತಾನೆ, ಕುಂಯ್ ಅನ್ನುತ್ತಾನೆ. ನಾನು ಮಾತೂ ಆಡಲ್ಲ, ಕೈಯೂ ಎಳೆದುಕೊಳ್ಳಲ್ಲ. ಕೊನೆಗೆ ಬೇಜಾರಾಗಿ ಮೂಗು ಹಿಂದಕ್ಕೆ ತೆಗೆಯುತ್ತಾನಲ್ಲ, ಆ ಒಂದು ಗಳಿಗೆಗೇ ಕಾಯಬೇಕು. ತಕ್ಷಣ "ಭೇಷ್" ಎಂದು ಇನ್ನೊಂದು ಕೈಯಿಂದ ಈಲಿ. ಮುಷ್ಟಿಯಲ್ಲಿರುವ ಬಿಸ್ಕತ್ ಮಾತ್ರ ಯಾವತ್ತೂ ಅವನಿಗೆ ಸಿಗಬಾರದು. ಬಿಡು ಅಂದದ್ದನ್ನೇ ಆಮೇಲೆ ತಿನ್ನಲು ಕೊಟ್ಟರೆ, ರಸ್ತೆಯ ಮೂಳೆಯೂ ಸ್ವಲ್ಪ ಹೊತ್ತಿಗೆ ಸಿಗುತ್ತದೆ ಎಂದು ಅದು ಕಾಯುತ್ತದೆ. ಮುಷ್ಟಿ ಕಂಡೊಡನೆ ತಾನಾಗಿಯೇ ಹಿಂದೆ ಸರಿಯುವಂತಾದ ಮೇಲಷ್ಟೇ "ಬಿಡು" ಎಂಬ ಮಾತು ಸೇರಿಸಿದೆ. ಆಮೇಲೆ ಅಂಗೈ ತೆರೆದು, ಆಮೇಲೆ ನೆಲದ ಮೇಲಿಟ್ಟು ಪಾದದಿಂದ ಮುಚ್ಚಿ, ಆಮೇಲೆ ಮುಚ್ಚದೆ.

ಮನೆಯಲ್ಲಿ ಅಪ್ಪ "ಹಚಾ" ಅನ್ನುತ್ತಿದ್ದರು, ಅಮ್ಮ "ಥೂ, ಬೇಡ್ವೋ" ಅನ್ನುತ್ತಿದ್ದರು. ಎಲ್ಲರೂ "ಬಿಡು" ಅಂತಲೇ, ಕೂಗದೆ ಹೇಳೋಣ ಎಂದು ಮಾಡಿಕೊಂಡೆವು.

ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೋ ಎಂಬ ವಾಂತಿಭೇದಿ ರೋಗದ ಲಸಿಕೆಯ ಡೋಸುಗಳು ಮುಗಿಯುವವರೆಗೆ ಬೀದಿಗೆ ಇಳಿಸಲಿಲ್ಲ. ಆ ವೈರಸ್ ರೋಗ ಬಂದ ನಾಯಿಯ ಮಲದಿಂದ ಹರಡಿ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಲ್ಲಿಯವರೆಗೆ ತಾರಸಿಯೇ ನಮ್ಮ ರಸ್ತೆ. ಒಣ ಎಲೆ, ಕಾಗದ, ರೊಟ್ಟಿ ಚೂರು ನಾನೇ ಅಲ್ಲಲ್ಲಿ ಇಟ್ಟು, ಬೆಲ್ಟು ಹಾಕಿ ಪಕ್ಕದಲ್ಲೇ ನಡೆಸುತ್ತಿದ್ದೆ.

ಹೊರಗೆ ಹೋಗಲು ಶುರು ಮಾಡಿದ ಮೇಲೆ, ಪೌರಕಾರ್ಮಿಕರು ಬೀದಿ ಗುಡಿಸಿ ಹೋದ ನಂತರದ ಹೊತ್ತು ಆರಿಸಿಕೊಂಡೆ. ಅವರು ಗುಡಿಸಿದ ರಸ್ತೆಯಲ್ಲಿ ನನ್ನ ಕೆಲಸ ಅರ್ಧ ಕಡಿಮೆ. ಹಗ್ಗ ನಾಲ್ಕೈದು ಅಡಿಯದು ಸಾಕು, ಉದ್ದದ್ದು ಬೇಡ. ಮೊಬೈಲ್ ಜೇಬಿನಲ್ಲಿ. ಮೂಳೆಯನ್ನು ಅವನಿಗಿಂತ ಮೊದಲು ನಾನು ನೋಡಬೇಕು, ಅಷ್ಟೇ. ದೂರದಲ್ಲೇ "ಬಿಡು" ಅಂದರೆ ಕೇಳುತ್ತಾನೆ. ಮೂಗು ತಾಗಿದ ಮೇಲೆ ಹೇಳಿದರೆ ಕೇಳುವುದು ಕಷ್ಟ. ನಾನು ಹೇಳದೆಯೇ ತಲೆಯೆತ್ತಿ ನನ್ನ ಮುಖ ನೋಡಿದಾಗಲೆಲ್ಲ ಒಂದು ಚೂರು ಕೊಡುತ್ತಿದ್ದೆ. ನನ್ನ ಪ್ರಕಾರ ಜಾಸ್ತಿ ಕೆಲಸ ಮಾಡಿದ್ದು ಇದೇ.

ಆಯುಧ ಪೂಜೆಯ ದಿನಗಳು ಬೇರೆಯೇ. ರಸ್ತೆ ತುಂಬ ಒಡೆದ ಬೂದುಗುಂಬಳ, ಅದರೊಳಗೆ ಕುಂಕುಮ, ಚಿಲ್ಲರೆ ಕಾಸು, ಚಕ್ರದ ಕೆಳಗೆ ನಿಂಬೆಹಣ್ಣು. ಅಂಥ ದಿನಕ್ಕೆಂದೇ ಬುಟ್ಟಿಯ ಹಾಗಿರುವ ಬಾಯಿಕುಕ್ಕೆ ತಂದೆ. ಅದು ಹಾಕಿದ್ದರೂ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಾಯಿ ಬಿಗಿದು ಕಟ್ಟುವ ಬಟ್ಟೆಯದು ಬೇಡವೇ ಬೇಡ. ಹಬ್ಬಕ್ಕೆ ಎಷ್ಟೋ ಮೊದಲೇ ಒಳಗೆ ಮೊಸರು ಸವರಿ ನೆಕ್ಕಿಸುತ್ತಾ ಅಭ್ಯಾಸ ಮಾಡಿಸಿದ್ದರಿಂದ ತಾನೇ ಮೂತಿ ತೂರಿಸುತ್ತಾನೆ.

ಒಂದಷ್ಟು ದಿನ ಬರೀ ಮಣ್ಣು ತಿನ್ನುತ್ತಿದ್ದ. ಅದಕ್ಕೆ ತರಬೇತಿ ಮದ್ದಲ್ಲ ಅನ್ನಿಸಿ ಡಾಕ್ಟರ ಹತ್ತಿರ ಹೋದೆ. ಮಲ ಪರೀಕ್ಷೆಯಲ್ಲಿ ಜಂತುಹುಳು ಇತ್ತು, ಔಷಧ ಕೊಟ್ಟರು, ಮಣ್ಣು ತಿನ್ನುವುದು ಕಡಿಮೆಯಾಯಿತು. ಇನ್ನೊಂದು ಮಾತು: ವಿಷದ ವಸ್ತು ನುಂಗಿದರೆ ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಉಪ್ಪೇ ಅಪಾಯ. ತಿಂದದ್ದರ ಪೊಟ್ಟಣ ಸಿಕ್ಕರೆ ಹಿಡಿದುಕೊಂಡು ನೇರ ಡಾಕ್ಟರ ಹತ್ತಿರ ಹೋಗಿ. ಪದೇ ಪದೇ ವಾಂತಿ, ಊಟ ಬೇಡ ಅನ್ನುವುದು, ಹೊಟ್ಟೆ ಬಿಗಿಯುವುದು ಕಂಡರೂ ನಾಳೆ ನೋಡೋಣ ಅನ್ನಬೇಡಿ.

ಈಗ ಕೆಂಚ ಕೋಳಿ ಮೂಳೆಯನ್ನು ದಾಟಿಕೊಂಡು ಬರುತ್ತಾನೆ. ಬಿಸಿ ಸಗಣಿ ಕಂಡರೆ ಮಾತ್ರ ಈಲಿಯೂ ಸಾಲದು. ಅಲ್ಲಿ ಹಗ್ಗ ಚಿಕ್ಕದಾಗಿ ಹಿಡಿದು, ರಸ್ತೆಯ ಆ ಬದಿಗೆ ಹೋಗುತ್ತೇನೆ.