ಯುಜಿಡಿ (ಒಳಚರಂಡಿ) ಪೈಪ್ ಕೆಟ್ಟಿದೆಯಾ? ಜೆಸಿಬಿಗೆ ಮೊದಲು ಕ್ಯಾಮೆರಾ

ಮೂವತ್ತು ವರ್ಷ ಒಳಚರಂಡಿ ಕೆಲಸ ಮಾಡಿದವನು ನಾನು. ಹಟ ಹಿಡಿಯೋದು ಒಂದಕ್ಕೇ: ಅಗೆಯೋ ಮುಂಚೆ ಪೈಪಿನೊಳಗೆ ಕ್ಯಾಮೆರಾ ಬಿಡಿ. ಅದಕ್ಕೂ ಮೊದಲು ಜೋರಾಗಿ ನೀರು ಚಿಮ್ಮಿಸೋ ಜೆಟ್ಟಿಂಗ್ ಮಷೀನಿನಲ್ಲಿ ತೊಳೆಸಿ, ಇಲ್ಲದಿದ್ದರೆ ಕಾಣೋದು ಬರೀ ಹೂಳು. ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಬೇಡಿ. ಅಪಾಯ, ಜೊತೆಗೆ ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆಯಿದೆ.

ಹಳೇ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಾದರೆ ಜಾಯಿಂಟುಗಳನ್ನು ನೋಡಿ. ಮರದ ಬೇರು ಜಡೆಯ ಹಾಗೆ ಇಳಿಬಿದ್ದಿರುತ್ತೆ. ಒಂದೆರಡು ಕಡೆಯಾದರೆ ಬೇರು ಕತ್ತರಿಸಿ, ಅಲ್ಲಿಗಷ್ಟೇ ಲೈನರ್ (ಒಳಪದರ) ತೇಪೆ ಹಾಕಿಸಿದರೆ ಸಾಕು.

ಉದ್ದಕ್ಕೂ ಬಿರುಕು, ಆದರೆ ಪೈಪು ಇನ್ನೂ ದುಂಡಗಿದೆ ಅಂದರೆ ಸಿಐಪಿಪಿ, ಅಂದರೆ ಹಳೇ ಪೈಪಿನೊಳಗೇ ಗಟ್ಟಿಯಾಗೋ ಲೈನರ್ ಹಾಕಿಸಿ. ರಾಳದಲ್ಲಿ ನೆನೆದ ಬಟ್ಟೆಯ ಕೊಳವೆಯನ್ನು ಒಳಗೆ ತೂರಿಸಿ, ಬಿಸಿನೀರಲ್ಲೋ ಹಬೆಯಲ್ಲೋ ಗಟ್ಟಿ ಮಾಡ್ತಾರೆ. 1971ರಲ್ಲಿ ಲಂಡನ್ನಿನಲ್ಲಿ ಶುರುವಾದ ವಿದ್ಯೆ. ಆಮೇಲೆ ಲೈನರ್ ಮುಚ್ಚಿಹಾಕಿದ ಮನೆ ಕನೆಕ್ಷನ್ನುಗಳ ಬಾಯಿಯನ್ನು ಒಳಗಿಂದಲೇ ಕೊರೆದು ಬಿಡಿಸಬೇಕು. ನಾನೊಮ್ಮೆ ಒಂದು ಮರೆತೆ. ಬೆಳಗಿನ ಜಾವ ಆ ಮನೆಯ ಅಜ್ಜಿ ಬೈದದ್ದು ಇನ್ನೂ ಕಿವಿಯಲ್ಲಿದೆ.

ಪೈಪು ನಡುವೆ ಕುಸಿದು ನೀರು ನಿಂತಿದ್ದರೆ ಮಾತ್ರ ಲೈನಿಂಗ್ ದಂಡ. ಲೈನರ್ ಕೂಡ ಅದೇ ತಗ್ಗಿನಲ್ಲಿ ಮಲಗುತ್ತೆ. ಅಲ್ಲಿ ಅಗೆದು, ಇಳಿಜಾರು ಸರಿಮಾಡಿ ಹೊಸ ಪೈಪ್ ಕೂರಿಸಿ. ಗಾತ್ರವೇ ಸಾಲದಿದ್ದರೆ ಹಳೆಯದನ್ನು ಒಳಗಿಂದ ಸೀಳುತ್ತಾ ದೊಡ್ಡ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಎಳೆಯೋ ಪೈಪ್ ಬರ್ಸ್ಟಿಂಗ್ ಇದೆ. ಪಕ್ಕದಲ್ಲೇ ಕುಡಿಯೋ ನೀರಿನ ಲೈನ್ ಇದ್ದರೆ ಆ ಸಾಹಸ ಬೇಡ.